ವಿದ್ಯಾರ್ಥಿ ಹಸಿರು ನಿಧಿ

ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ಕ್ಯಾಂಪಸ್ಸಿನ ಪರಿಸರ ಸುಧಾರಣೆಗೆಂದು ತಾವೇ ಮತ ಹಾಕಿ ಒಪ್ಪಿಕೊಂಡ ಶುಲ್ಕದಿಂದ ಕೂಡಿಸುವ, ಬಹುಮಟ್ಟಿಗೆ ತಮ್ಮದೇ ಪ್ರತಿನಿಧಿಗಳ ಸಮಿತಿಯ ಮೂಲಕ ಹಂಚುವ ಹಣವೇ ವಿದ್ಯಾರ್ಥಿ ಹಸಿರು ನಿಧಿ. ಸೌರ ವಿದ್ಯುತ್ತು, ಮಳೆನೀರು ಇಂಗಿಸುವ ತೋಟ, ಸೈಕಲ್ ಸೌಕರ್ಯ, ವಿದ್ಯಾರ್ಥಿಗಳೇ ನಡೆಸುವ ಕೃಷಿ, ಕಸದ ಮರುಬಳಕೆ, ಕಡಿಮೆ ವಿದ್ಯುತ್ತಿನ ದೀಪಗಳು ಇಂಥ ಕೆಲಸಗಳಿಗೆ ಈ ಹಣ ಸಲ್ಲುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ವಿಶ್ವವಿದ್ಯಾಲಯಗಳಲ್ಲಿ, ಅದರಲ್ಲೂ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ, 2000ದಿಂದ 2010ರವರೆಗಿನ ದಶಕದಲ್ಲಿ ಈ ಪದ್ಧತಿ ಬೇರೂರಿತು. ಕೆನಡದಲ್ಲಿಯೂ ಗಟ್ಟಿಯಾಗಿ ಬೆಳೆಯಿತು. ಒಬ್ಬ ವಿದ್ಯಾರ್ಥಿ ಕೊಡಬೇಕಾದದ್ದು ಸಾಮಾನ್ಯವಾಗಿ ಸೆಮಿಸ್ಟರಿಗೆ ಕೆಲವೇ ಡಾಲರ್. ಆದರೆ ಹಣ ಕೊಡುವವರೇ ಅದರ ಖರ್ಚಿನ ದಾರಿಯನ್ನೂ ತೀರ್ಮಾನಿಸುವುದರಿಂದ ಈ ನಿಧಿಗಳಿಗೆ ಮೊತ್ತವನ್ನು ಮೀರಿದ ಮಹತ್ವವಿದೆ. ನಾಲ್ಕು ವರ್ಷ ಓದಿ ಹೊರಟುಹೋಗುವವರು ಇಪ್ಪತ್ತೈದು ವರ್ಷ ಬಾಳುವ ಸೌಕರ್ಯಗಳಿಗೆ ಹಣ ಹೂಡುವ ವ್ಯವಸ್ಥೆ ಇದು.

ಹಿನ್ನೆಲೆ

1970ರ ಏಪ್ರಿಲ್ 22ರಂದು ಅಮೆರಿಕದಲ್ಲಿ ಮೊದಲ ಭೂಮಿ ದಿನ ಆಚರಣೆಯಾಯಿತು. ಸುಮಾರು 2 ಕೋಟಿ ಜನ ಭಾಗವಹಿಸಿದ ಆ ಆಂದೋಲನದ ಬೆನ್ನೆಲುಬಾಗಿ ನಿಂತವರು ಕಾಲೇಜು ವಿದ್ಯಾರ್ಥಿಗಳು. ಅದೇ ವರ್ಷ ಬೋಲ್ಡರ್‌ನ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ಪರಿಸರ ಕೇಂದ್ರವೊಂದನ್ನು ಸ್ಥಾಪಿಸಿದರು. ವಿದ್ಯಾರ್ಥಿ ಶುಲ್ಕದ ಆಸರೆಯಲ್ಲಿ ಬೆಳೆದ ಆ ಕೇಂದ್ರ ಕ್ಯಾಂಪಸ್ಸಿನಲ್ಲಿ ಕಾಗದ, ಡಬ್ಬಗಳ ಮರುಬಳಕೆಯನ್ನು ಬೇಗನೆ ಆರಂಭಿಸಿತು.

ಇದೇ ಕಾಲದಲ್ಲಿ ಗ್ರಾಹಕ ಹಕ್ಕುಗಳ ಹೋರಾಟಗಾರ ರಾಲ್ಫ್ ನೇಡರ್ ಅವರ ಪ್ರೇರಣೆಯಿಂದ ಆರಿಗನ್ ಮತ್ತು ಮಿನೆಸೋಟಾ ರಾಜ್ಯಗಳಲ್ಲಿ ಸಾರ್ವಜನಿಕ ಹಿತಾಸಕ್ತಿ ಸಂಶೋಧನ ಗುಂಪುಗಳು ಹುಟ್ಟಿದವು. ವಿದ್ಯಾರ್ಥಿಗಳು ಸ್ವಲ್ಪ ಸ್ವಲ್ಪ ಶುಲ್ಕ ಕೂಡಿಸಿ, ವಕೀಲರನ್ನೂ ವಿಜ್ಞಾನಿಗಳನ್ನೂ ನೇಮಿಸಿಕೊಂಡು, ಜಲಮಾಲಿನ್ಯದಂಥ ವಿಷಯಗಳಲ್ಲಿ ಜನರ ಪರವಾಗಿ ಕೆಲಸ ಮಾಡಿಸುವ ಏರ್ಪಾಡು ಅದು. ಒಬ್ಬೊಬ್ಬರ ಚಿಕ್ಕ ಮೊತ್ತವನ್ನು ಮತದಾನದ ಮೂಲಕ ಒಂದು ಸಾರ್ವಜನಿಕ ಉದ್ದೇಶಕ್ಕೆ ಕಟ್ಟಿಡಬಹುದೆಂಬ ಅನುಭವ ವಿದ್ಯಾರ್ಥಿ ಸಮುದಾಯಕ್ಕೆ ಹೀಗೆ ದಕ್ಕಿತು. ಮುಂದೆ ಬೋಲ್ಡರ್‌ನ ವಿದ್ಯಾರ್ಥಿಗಳು 1991ರಲ್ಲಿ ಶುಲ್ಕ ಏರಿಸಿಕೊಂಡು ಎಲ್ಲರಿಗೂ ಊರಿನ ಬಸ್ ಪಾಸ್ ದೊರೆಯುವಂತೆ ಮಾಡಿದರು. ಖಾಸಗಿ ಕಾರುಗಳ ಬಳಕೆ ತಗ್ಗಿಸುವ ಆ ಕ್ರಮ ಹಸಿರು ಶುಲ್ಕದ ನೇರ ಪೂರ್ವಜವೆನ್ನಬಹುದು.

ಬೆಳವಣಿಗೆ

2000ದಲ್ಲಿ ಬೋಲ್ಡರ್‌ನ ವಿದ್ಯಾರ್ಥಿಗಳು ಸೆಮಿಸ್ಟರಿಗೆ 1 ಡಾಲರ್ ಹೆಚ್ಚು ಕೊಟ್ಟು ಗಾಳಿಯಿಂದ ಉತ್ಪಾದಿಸಿದ ವಿದ್ಯುತ್ತನ್ನು ಕೊಳ್ಳಲು ಮತ ಹಾಕಿದರು. ಆಗಿನ ಕಾಲಕ್ಕೆ ಗಾಳಿ ವಿದ್ಯುತ್ತು ಕಲ್ಲಿದ್ದಲಿನ ವಿದ್ಯುತ್ತಿಗಿಂತ ದುಬಾರಿ. ಆ ಹೆಚ್ಚಿನ ಬೆಲೆಯನ್ನು ವಿದ್ಯಾರ್ಥಿಗಳು ತಾವಾಗಿ ಹೊತ್ತರು.

ಇದು ಇತರ ರಾಜ್ಯಗಳಿಗೆ ಮೇಲ್ಪಂಕ್ತಿಯಾಯಿತು. 2003ರಲ್ಲಿ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಚಾಪೆಲ್ ಹಿಲ್ ಕ್ಯಾಂಪಸ್ಸಿನ ವಿದ್ಯಾರ್ಥಿಗಳು ಸೆಮಿಸ್ಟರಿಗೆ 4 ಡಾಲರ್ ಶುಲ್ಕಕ್ಕೆ ಒಪ್ಪಿಗೆ ಕೊಟ್ಟರು. ವಿದ್ಯಾರ್ಥಿ ನಿಲಯವೊಂದರ ಚಾವಣಿಯ ಮೇಲೆ ಸ್ನಾನದ ನೀರು ಕಾಯಿಸುವ ಸೌರ ಫಲಕಗಳನ್ನು ಕೂಡಿಸಿದ್ದು ಈ ಹಣದ ಮೊದಲ ದೊಡ್ಡ ಕೆಲಸಗಳಲ್ಲಿ ಒಂದು. ಅದೇ ವರ್ಷ ಇಲಿನಾಯ್ ವಿಶ್ವವಿದ್ಯಾಲಯದಲ್ಲಿಯೂ, ಮರುವರ್ಷ ಅಪಲಾಚಿಯನ್ ಸ್ಟೇಟ್ ಮತ್ತು ವೆಸ್ಟರ್ನ್ ವಾಷಿಂಗ್ಟನ್ ವಿಶ್ವವಿದ್ಯಾಲಯಗಳಲ್ಲಿಯೂ ಇಂಥ ಶುಲ್ಕ ವಿದ್ಯಾರ್ಥಿಗಳ ಜನಮತದಲ್ಲಿ ಗೆದ್ದಿತು. 2005ರಲ್ಲಿ ನಾಕ್ಸ್‌ವಿಲ್‌ನ ಟೆನೆಸೀ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸೆಮಿಸ್ಟರಿಗೆ 8 ಡಾಲರ್ ಕೊಡಲು ಮುಂದಾದರು.

ಕ್ಯಾಲಿಫೋರ್ನಿಯದಲ್ಲಿ ಈ ಪದ್ಧತಿ ಒಂದು ಕ್ಯಾಂಪಸ್ಸಿನಿಂದ ಇನ್ನೊಂದಕ್ಕೆ ಹಬ್ಬಿತು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕ್ಯಾಂಪಸ್ಸು 2006ರಲ್ಲಿ, ಬರ್ಕ್ಲಿ 2007ರಲ್ಲಿ, ಲಾಸ್ ಏಂಜಲೀಸ್ 2008ರಲ್ಲಿ ತಮ್ಮ ತಮ್ಮ 'ಗ್ರೀನ್ ಇನಿಶಿಯೇಟಿವ್ ಫಂಡ್'ಗಳಿಗೆ ಮತದ ಮುದ್ರೆ ಒತ್ತಿದವು. ಬರ್ಕ್ಲಿಯಲ್ಲಿ ಆರಂಭದ ಶುಲ್ಕ ಸೆಮಿಸ್ಟರಿಗೆ 5 ಡಾಲರ್. ಟೆಕ್ಸಸ್ಸಿನಲ್ಲಿ ಶಾಸನಸಭೆಯೇ 2009ರಲ್ಲಿ ಕಾಯಿದೆ ಮಾಡಿ, ವಿದ್ಯಾರ್ಥಿಗಳ ಮತದಾನದಲ್ಲಿ ಒಪ್ಪಿಗೆಯಾದರೆ ಸೆಮಿಸ್ಟರಿಗೆ 5 ಡಾಲರ್ ಮೀರದ ಪರಿಸರ ಸೇವಾ ಶುಲ್ಕ ವಿಧಿಸಲು ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಅವಕಾಶ ಕೊಟ್ಟಿತು. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ 2011ರಿಂದ ಈ ಶುಲ್ಕ ಜಾರಿಗೆ ಬಂತು. ವಿದ್ಯಾರ್ಥಿಗಳು ನಡೆಸುವ ಅಲ್ಲಿನ ಪುಟ್ಟ ತರಕಾರಿ ತೋಟ ಇದರ ನೆರವಿನಿಂದ ತಲೆಯೆತ್ತಿತು.

ಆರಂಭದ ಮತದಾನಗಳು ಬಹುಪಾಲು ಹಸಿರು ವಿದ್ಯುತ್ತಿನ ಖರೀದಿಗಾಗಿ ನಡೆದವು. ನವೀಕರಿಸಬಹುದಾದ ಮೂಲದಿಂದ ಒಂದು ಮೆಗಾವ್ಯಾಟ್-ಗಂಟೆ, ಅಂದರೆ 1,000 ಯೂನಿಟ್ ವಿದ್ಯುತ್ತು ಉತ್ಪಾದನೆಯಾದರೆ ಅದಕ್ಕೊಂದು ಪ್ರಮಾಣಪತ್ರ ಸಿಗುತ್ತದೆ; ಆ ಪತ್ರವನ್ನು ಬೇರೆಯವರು ಕೊಳ್ಳಬಹುದು. ವಿಶ್ವವಿದ್ಯಾಲಯಗಳು ಇಂಥ ಪತ್ರಗಳನ್ನು ಕೊಂಡು ತಮ್ಮ ವಿದ್ಯುತ್ ಬಳಕೆಗೆ ಸರಿಹೊಂದಿಸಿಕೊಳ್ಳುತ್ತಿದ್ದವು. ಕೆಲವೇ ವರ್ಷಗಳಲ್ಲಿ ವಿದ್ಯಾರ್ಥಿಗಳ ಒಲವು ಬದಲಾಯಿತು. ಎಲ್ಲೋ ದೂರದ ಗಾಳಿ ಕ್ಷೇತ್ರಕ್ಕೆ ಹಣ ಕಟ್ಟುವುದಕ್ಕಿಂತ ಕಣ್ಣೆದುರಿನ ಕಟ್ಟಡ, ಅಡುಗೆಮನೆ, ತೋಟ, ರಸ್ತೆಗಳಲ್ಲಿ ಬದಲಾವಣೆ ಕಾಣಬೇಕೆಂಬ ಬಯಕೆ ಬಲಿಯಿತು. ವೆಸ್ಟರ್ನ್ ವಾಷಿಂಗ್ಟನ್‌ನ ಶುಲ್ಕ ಮೊದಲು ಪ್ರಮಾಣಪತ್ರಗಳ ಖರೀದಿಗೆ ಮೀಸಲಾಗಿತ್ತು. ಮುಂದೆ ಅದು ಕ್ಯಾಂಪಸ್ ಯೋಜನೆಗಳಿಗೆ ಅನುದಾನ ಕೊಡುವ ಕಾರ್ಯಕ್ರಮವಾಗಿ ರೂಪಾಂತರ ಹೊಂದಿತು. ಹಸಿರು ನಿಧಿಗಳ ಚರಿತ್ರೆಯಲ್ಲಿ ಇದು ಮುಖ್ಯವಾದ ತಿರುವು.

ಕಾನೂನಿನ ನೆಲೆ

ಬಹುಮತ ಒಪ್ಪಿದ ಶುಲ್ಕವನ್ನು ಒಪ್ಪದವರೂ ಕೊಡಬೇಕೇ ಎಂಬುದು ಕಡ್ಡಾಯ ವಿದ್ಯಾರ್ಥಿ ಶುಲ್ಕಗಳ ಹಳೆಯ ತಕರಾರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು, ತಮ್ಮ ನಂಬಿಕೆಗೆ ವಿರುದ್ಧವಾದ ಸಂಘಗಳಿಗೆ ತಮ್ಮ ಶುಲ್ಕ ಹೋಗುತ್ತಿದೆಯೆಂದು ನ್ಯಾಯಾಲಯದ ಮೆಟ್ಟಿಲೇರಿದರು. ಸೌತ್‌ವರ್ತ್ ಪ್ರಕರಣವೆಂದು ಹೆಸರಾದ ಈ ದಾವೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 2000ದಲ್ಲಿ ತೀರ್ಪು ಕೊಟ್ಟು, ಹಣ ಹಂಚುವಾಗ ಯಾವ ಅಭಿಪ್ರಾಯದ ಪರವಾಗಿಯೂ ವಿರುದ್ಧವಾಗಿಯೂ ಪಕ್ಷಪಾತ ತೋರದಿದ್ದರೆ ಕಡ್ಡಾಯ ಶುಲ್ಕ ಸಂವಿಧಾನಬದ್ಧವೆಂದು ಹೇಳಿತು. ಈ ತೀರ್ಪಿನ ವಿಷಯ ಅಭಿಪ್ರಾಯ ಪ್ರಚಾರದ ಸಂಘಗಳದ್ದು. ಹಸಿರು ನಿಧಿಗಳು ಹೆಚ್ಚಾಗಿ ಕಟ್ಟಡ, ಸಲಕರಣೆ, ಭೂಮಿಗಳ ಮೇಲೆ ಖರ್ಚಾಗುತ್ತವೆ. ಆದರೂ ಕಡ್ಡಾಯ ಶುಲ್ಕವೆಂಬ ತಳಪಾಯ ಇದರಿಂದ ಗಟ್ಟಿಯಾಯಿತು. ಹಂಚಿಕೆ ನಿಷ್ಪಕ್ಷಪಾತವಾಗಿ, ಲಿಖಿತ ಮಾನದಂಡದಂತೆ ನಡೆಯಬೇಕೆಂಬ ಎಚ್ಚರವೂ ಮೂಡಿತು.

ಹಣ ಕೂಡುವ ಬಗೆ

ಸಾಮಾನ್ಯವಾಗಿ ಕೆಲವು ವಿದ್ಯಾರ್ಥಿಗಳು ಪ್ರಸ್ತಾವವನ್ನು ಸಿದ್ಧಪಡಿಸಿ, ಸಹಿ ಸಂಗ್ರಹಿಸಿ, ವಿದ್ಯಾರ್ಥಿ ಸಂಘದ ಮುಂದಿಡುತ್ತಾರೆ. ವಿದ್ಯಾರ್ಥಿ ಸಂಘದ ವಾರ್ಷಿಕ ಚುನಾವಣೆಯ ಜೊತೆಯಲ್ಲೇ ಜನಮತ ನಡೆಯುತ್ತದೆ. ಶುಲ್ಕದ ಮೊತ್ತ, ಅವಧಿ, ಖರ್ಚಿನ ಉದ್ದೇಶ, ಸಮಿತಿಯ ರಚನೆ ಇವೆಲ್ಲ ಮತಪತ್ರದ ಬರಹದಲ್ಲಿಯೇ ಇರುತ್ತವೆ. ಗೆದ್ದ ಪ್ರಸ್ತಾವಕ್ಕೆ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಒಪ್ಪಿಗೆ ಕೊಟ್ಟ ಮೇಲೆ ಶುಲ್ಕದ ರಸೀತಿಯಲ್ಲಿ ಅದೊಂದು ಬೇರೆ ಸಾಲಾಗಿ ಕಾಣಿಸಿಕೊಳ್ಳುತ್ತದೆ.

ಶುಲ್ಕದಲ್ಲಿ ಮೂರು ಬಗೆಗಳಿವೆ. ಸೆಮಿಸ್ಟರಿಗೆ ಇಷ್ಟೆಂದು ಎಲ್ಲರಿಗೂ ಸಮನಾಗಿ ವಿಧಿಸುವುದು ಮೊದಲನೆಯದು. ತೆಗೆದುಕೊಂಡ ಪಾಠಗಳ ಕ್ರೆಡಿಟ್ಟಿಗೆ ಇಷ್ಟೆಂದು ಲೆಕ್ಕ ಹಾಕುವುದು ಎರಡನೆಯದು. ಅರೆಕಾಲಿಕ ವಿದ್ಯಾರ್ಥಿಗಳಿಗೆ ಇದರಿಂದ ಹೊರೆ ಕಡಿಮೆ. ಬೇಡವೆಂದವರು ಹಣ ವಾಪಸು ಪಡೆಯಬಹುದಾದ ಐಚ್ಛಿಕ ಶುಲ್ಕ ಮೂರನೆಯದು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ನಿಯಮದಂತೆ ವಿದ್ಯಾರ್ಥಿಗಳು ಮತ ಹಾಕಿ ತಂದುಕೊಂಡ ಇಂಥ ಶುಲ್ಕದ ಒಂದು ಪಾಲು ಬಡ ವಿದ್ಯಾರ್ಥಿಗಳ ನೆರವಿಗೆ ಮರಳಬೇಕು. ಪರಿಸರದ ಹೆಸರಿನಲ್ಲಿ ಬಡವರ ಮೇಲೆ ಭಾರ ಬೀಳಬಾರದೆಂಬ ಈ ವಿವೇಕ ಇತರ ಕಡೆಗಳಿಗೂ ಮಾದರಿಯಾಗಬಲ್ಲದು.

ಮೊತ್ತ ಚಿಕ್ಕದಾದರೂ ಹನಿಗೂಡಿ ಹಳ್ಳವಾಗುತ್ತದೆ. 40,000 ವಿದ್ಯಾರ್ಥಿಗಳಿರುವ ಕ್ಯಾಂಪಸ್ಸಿನಲ್ಲಿ ತಲೆಗೆ ಸೆಮಿಸ್ಟರಿಗೆ 5 ಡಾಲರ್ ಎಂದರೆ ವರ್ಷಕ್ಕೆ 4 ಲಕ್ಷ ಡಾಲರ್. ಸರ್ಕಾರದ ಅನುದಾನದಂತೆ ಇದು ವರ್ಷದಿಂದ ವರ್ಷಕ್ಕೆ ಏರಿಳಿಯುವುದಿಲ್ಲ. ಬರುವ ಹಣ ಎಷ್ಟೆಂದು ಮೊದಲೇ ತಿಳಿದಿರುವುದರಿಂದ ಹಲವು ವರ್ಷಗಳ ಯೋಜನೆ ಹಾಕಬಹುದು. ವಿಶ್ವವಿದ್ಯಾಲಯವೂ ಹೊರಗಿನ ಪ್ರತಿಷ್ಠಾನಗಳೂ ಪಾಲು ಸೇರಿಸುವಂತೆ ಒಲಿಸುವುದಕ್ಕೆ ವಿದ್ಯಾರ್ಥಿಗಳ ಹಣ ಮುಂಗಡದಂತೆ ಕೆಲಸ ಮಾಡುತ್ತದೆ.

ಆಡಳಿತ

ಹಂಚಿಕೆಯ ಸಮಿತಿಗಳಲ್ಲಿ ವಿದ್ಯಾರ್ಥಿಗಳದ್ದೇ ಬಹುಮತ ಇರುವುದು ವಾಡಿಕೆ. ಅಧ್ಯಾಪಕರು, ಕಟ್ಟಡ ಮತ್ತು ವಿದ್ಯುತ್ ವಿಭಾಗದ ಎಂಜಿನಿಯರುಗಳು, ಲೆಕ್ಕಪತ್ರದ ಅಧಿಕಾರಿಗಳು ಸದಸ್ಯರಾಗಿಯೋ ಸಲಹೆಗಾರರಾಗಿಯೋ ಇರುತ್ತಾರೆ. ವಿದ್ಯಾರ್ಥಿಗಳಾಗಲಿ ಅಧ್ಯಾಪಕರಾಗಲಿ ನೌಕರರಾಗಲಿ ಅರ್ಜಿ ಹಾಕಬಹುದು. ಎಷ್ಟು ವಿದ್ಯುತ್ತು ಅಥವಾ ನೀರು ಉಳಿಯುತ್ತದೆ, ಎಷ್ಟು ಕಸ ತಗ್ಗುತ್ತದೆ, ಎಷ್ಟು ವಿದ್ಯಾರ್ಥಿಗಳಿಗೆ ಕಲಿಕೆಯ ಅವಕಾಶ ಸಿಗುತ್ತದೆ, ಯೋಜನೆ ಮುಗಿದ ಮೇಲೆ ನಿರ್ವಹಣೆ ಯಾರದು ಎಂಬ ಪ್ರಶ್ನೆಗಳಿಗೆ ಅರ್ಜಿಯಲ್ಲಿ ಉತ್ತರ ಇರಬೇಕು. ಸಮಿತಿಯ ಶಿಫಾರಸಿಗೆ ಕುಲಪತಿಗಳ ಅಥವಾ ಅವರು ಗೊತ್ತುಪಡಿಸಿದ ಅಧಿಕಾರಿಯ ಒಪ್ಪಿಗೆ ಬೇಕಾಗುವುದುಂಟು. ಹಣದ ಕಾನೂನುಬದ್ಧ ಹೊಣೆ ಕೊನೆಗೂ ಸಂಸ್ಥೆಯದೇ ಆಗಿರುವುದು ಇದಕ್ಕೆ ಕಾರಣ.

ಹೊಸ ಯೋಜನೆಯ ಅಬ್ಬರದಲ್ಲಿ ನಿರ್ವಹಣೆಯ ಮಾತು ಮರೆತುಹೋಗುವ ಸಂಭವ ಹೆಚ್ಚು. ತೋಟ ಹಾಕಿದವರು ಪದವಿ ಪಡೆದು ಹೋದ ಮೇಲೆ ಕಳೆ ಕೀಳುವವರು ಬೇಕು. ಬೇಸಿಗೆ ರಜೆಯಲ್ಲೂ ನೀರು ಹಾಯಬೇಕು. ಆದ್ದರಿಂದ ಅನುಭವಿ ಸಮಿತಿಗಳು ಯಾವುದಾದರೂ ವಿಭಾಗ ಲಿಖಿತವಾಗಿ ಹೊಣೆ ಹೊರದ ಹೊರತು ಹಣ ಬಿಡುಗಡೆ ಮಾಡುವುದಿಲ್ಲ. ಸಮಿತಿಯ ನೆನಪು ಉಳಿಯಲೆಂದು ಸಂಬಳದ ಸಂಯೋಜಕರೊಬ್ಬರನ್ನು ನೇಮಿಸಿಕೊಳ್ಳುವ ರೂಢಿಯೂ ಇದೆ.

ಯೋಜನೆಗಳ ಸ್ವರೂಪ

ಶಕ್ತಿಯ ಉತ್ಪಾದನೆ ಮತ್ತು ಉಳಿತಾಯ: ಸೌರ ಫಲಕ, ಬಿಸಿನೀರಿನ ಸೌರ ವ್ಯವಸ್ಥೆ, ಎಲ್‌ಇಡಿ ದೀಪ, ಜನರಿಲ್ಲದಾಗ ತಾವೇ ಆರುವ ದೀಪಗಳ ಸಂವೇದಕ, ಪ್ರಯೋಗಾಲಯದ ವಾತಾಯನದ ಸುಧಾರಣೆ ಇಲ್ಲಿ ಸೇರುತ್ತವೆ. ಸೌರ ಫಲಕ ಎಲ್ಲರ ಕಣ್ಣಿಗೆ ಬೀಳುತ್ತದೆ. ದೀಪ ಬದಲಾಯಿಸುವ ಕೆಲಸ ಯಾರಿಗೂ ಕಾಣದಿದ್ದರೂ ಹಾಕಿದ ಹಣವನ್ನು ಬೇಗ ಮರಳಿಸುತ್ತದೆ. ಇವೆರಡರ ನಡುವೆ ಸಮತೋಲ ಕಾಯುವುದು ಸಮಿತಿಗಳ ನಿತ್ಯದ ಕೆಲಸ.

ಆಹಾರ ಮತ್ತು ಕೃಷಿ: ವಿದ್ಯಾರ್ಥಿ ತೋಟಗಳ ತರಕಾರಿ ಕ್ಯಾಂಪಸ್ಸಿನ ಊಟದ ಮನೆಗಳಿಗೆ ಹೋಗುತ್ತದೆ, ಊಟದ ಮನೆಯ ಉಳಿಕೆ ಗೊಬ್ಬರವಾಗಿ ಮಣ್ಣಿಗೆ ಮರಳುತ್ತದೆ. ಕರಿದ ಎಣ್ಣೆಯನ್ನು ಜೈವಿಕ ಡೀಸೆಲ್ ಮಾಡಿ ಕ್ಯಾಂಪಸ್ಸಿನ ವಾಹನಗಳಿಗೆ ತುಂಬುವ ಪ್ರಯತ್ನಗಳೂ ನಡೆದಿವೆ.

ನೀರು ಮತ್ತು ನೆಲ: ಕಟ್ಟಡ, ವಾಹನ ನಿಲ್ದಾಣಗಳಿಂದ ಹರಿಯುವ ಮಳೆನೀರನ್ನು ಇಂಗಿಸುವ ತೋಟಗಳು, ಸ್ಥಳೀಯ ಸಸ್ಯಗಳ ನರ್ಸರಿಗಳು, ಹಳ್ಳಗಳ ದಂಡೆಯ ಪುನರುಜ್ಜೀವನ ಈ ಗುಂಪಿನವು. ಬರ್ಕ್ಲಿ ಕ್ಯಾಂಪಸ್ಸಿನ ನಡುವೆ ಹರಿಯುವ ಸ್ಟ್ರಾಬೆರಿ ಹಳ್ಳದ ಸ್ಥಳೀಯ ಸಸ್ಯಗಳಿಗೆ ಅಲ್ಲಿನ ನಿಧಿ ನೆರವಾಯಿತು. ಬಾಟಲಿ ನೀರನ್ನು ಬಿಟ್ಟು ನಲ್ಲಿ ನೀರು ಕುಡಿಯುವಂತೆ ಪ್ರೇರೇಪಿಸುವ ಅಭಿಯಾನಕ್ಕೂ ಅದೇ ನಿಧಿ ಹಣ ಕೊಟ್ಟಿತು.

ಸಂಚಾರ ಮತ್ತು ಕಸ: ಸೈಕಲ್ ನಿಲ್ದಾಣ, ವಿದ್ಯಾರ್ಥಿಗಳೇ ರಿಪೇರಿ ಕಲಿಯುವ ಸೈಕಲ್ ಕಾರ್ಯಾಗಾರ, ಹಾಸ್ಟೆಲ್ ಬಿಟ್ಟುಹೋಗುವವರ ಪೀಠೋಪಕರಣಗಳನ್ನು ಹೊಸದಾಗಿ ಬಂದವರಿಗೆ ಮುಟ್ಟಿಸುವ ಮಳಿಗೆ ಇಂಥ ಕೆಲಸಗಳಿಗೆ ತಗಲುವ ಖರ್ಚು ಅಲ್ಪ, ತಲುಪುವ ಜನ ಬಹಳ.

ಕಲಿಕೆ ಮತ್ತು ದುಡಿಮೆ: ವಿದ್ಯಾರ್ಥಿಗಳಿಗೆ ಸಂಬಳದ ಇಂಟರ್ನ್‌ಶಿಪ್, ಸಂಶೋಧನೆಗೆ ಚಿಕ್ಕ ಅನುದಾನ, ಕಟ್ಟಡದ ವಿದ್ಯುತ್ ಬಳಕೆಯನ್ನು ಆಗಿಂದಾಗ್ಗೆ ತೋರಿಸುವ ಫಲಕಗಳು ಈ ಗುಂಪಿಗೆ ಸೇರುತ್ತವೆ.

ಇಲಿನಾಯ್ ವಿಶ್ವವಿದ್ಯಾಲಯ

ಅರ್ಬಾನಾ-ಶಾಂಪೇನ್‌ನ ಇಲಿನಾಯ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸುಸ್ಥಿರತಾ ಸಮಿತಿ ಈ ಬಗೆಯ ದೊಡ್ಡ ನಿಧಿಗಳಲ್ಲಿ ಒಂದನ್ನು ನಡೆಸುತ್ತದೆ. 2003ರಲ್ಲಿ ಶುದ್ಧ ಶಕ್ತಿ ತಂತ್ರಜ್ಞಾನಕ್ಕೆಂದು ಸೆಮಿಸ್ಟರಿಗೆ 2 ಡಾಲರ್ ಶುಲ್ಕ ಬಂತು. 2007ರಲ್ಲಿ ಕ್ಯಾಂಪಸ್ಸಿನ ಪರಿಸರಕ್ಕೆಂದು ಇನ್ನೊಂದು 5 ಡಾಲರ್ ಸೇರಿತು. ಮೊದಲ ಕೆಲಸಗಳನ್ನು ಕಂಡ ವಿದ್ಯಾರ್ಥಿಗಳು 2010ರಲ್ಲಿ ಒಟ್ಟು ಶುಲ್ಕವನ್ನು 14 ಡಾಲರಿಗೆ ಏರಿಸಿಕೊಂಡರು. ಇದರಿಂದ ವರ್ಷಕ್ಕೆ ಸುಮಾರು 11 ಲಕ್ಷ ಡಾಲರ್ ಕೂಡತೊಡಗಿತು. ಅದೇ 2010ರಲ್ಲಿ ವಿಶ್ವವಿದ್ಯಾಲಯ ತನ್ನ ಹವಾಮಾನ ಕ್ರಿಯಾಯೋಜನೆಯನ್ನು ಪ್ರಕಟಿಸಿ, 2050ರೊಳಗೆ ಇಂಗಾಲ ತಟಸ್ಥವಾಗುವ ಗುರಿ ಇಟ್ಟುಕೊಂಡಿತು. ಈ ಗುರಿಗೆ ವಿದ್ಯಾರ್ಥಿಗಳ ನಿಧಿ ನಿಶ್ಚಿತ ಬಂಡವಾಳವಾಯಿತು.

ಈ ನಿಧಿಯ ಮೊದಲ ದೊಡ್ಡ ಕನಸು ಗಾಳಿಯಂತ್ರ. ವಿಶ್ವವಿದ್ಯಾಲಯದ ದಕ್ಷಿಣದ ಹೊಲಗಳಲ್ಲಿ ಮೂರು ಗಾಳಿಯಂತ್ರ ನಿಲ್ಲಿಸುವ ಯೋಜನೆ ವರ್ಷಗಟ್ಟಲೆ ಚರ್ಚೆಯಲ್ಲಿತ್ತು. ವೆಚ್ಚ ಏರುತ್ತ ಹೋದಂತೆ ಅದು ಒಂದೇ ಯಂತ್ರಕ್ಕೆ ಇಳಿದು, ಕೊನೆಗೆ ಕೈಬಿಟ್ಟುಹೋಯಿತು. ವಿದ್ಯಾರ್ಥಿಗಳು ಹಿಂದೆ ಸರಿಯಲಿಲ್ಲ. ಅದೇ ಸಂಕಲ್ಪ ಸೌರ ಕ್ಷೇತ್ರದ ರೂಪ ತಾಳಿತು. ಸುಮಾರು 21 ಎಕರೆಯಲ್ಲಿ ಹರಡಿದ 5.87 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಕ್ಷೇತ್ರ 2015ರ ಕೊನೆಯಲ್ಲಿ ವಿದ್ಯುತ್ತು ಕೊಡಲಾರಂಭಿಸಿತು. ಖಾಸಗಿ ಕಂಪನಿ ಕಟ್ಟಿ ನಡೆಸುವ, ವಿಶ್ವವಿದ್ಯಾಲಯ 10 ವರ್ಷ ವಿದ್ಯುತ್ತು ಕೊಳ್ಳುವ ಒಪ್ಪಂದದಡಿ ಇದು ನಿರ್ಮಾಣವಾಯಿತು. ವಿದ್ಯಾರ್ಥಿ ಸಮಿತಿ 10.5 ಲಕ್ಷ ಡಾಲರ್ ಕೊಟ್ಟಿತು. ಕ್ಯಾಂಪಸ್ಸಿನ ವಿದ್ಯುತ್ ಅಗತ್ಯದ ಸುಮಾರು ಶೇಕಡಾ 2ರಷ್ಟು ಇಲ್ಲಿಂದ ದೊರೆಯುವ ಅಂದಾಜಿತ್ತು. ಪ್ರಮಾಣ ಚಿಕ್ಕದೆನಿಸಿದರೂ ದೊಡ್ಡ ಪ್ರಮಾಣದ ಸೌರ ವಿದ್ಯುತ್ತಿನ ವ್ಯವಹಾರವನ್ನು ಸಂಸ್ಥೆ ಇದರಿಂದ ಕಲಿತಿತು. 2021ರಲ್ಲಿ 54 ಎಕರೆಯ, 12 ಮೆಗಾವ್ಯಾಟಿಗೂ ಮೀರಿದ ಎರಡನೆಯ ಸೌರ ಕ್ಷೇತ್ರ ಸಿದ್ಧವಾಯಿತು.

2009ರಲ್ಲಿ ಆರಂಭವಾದ ಸುಸ್ಥಿರ ವಿದ್ಯಾರ್ಥಿ ಕೃಷಿಕ್ಷೇತ್ರ ಇದೇ ನಿಧಿಯ ನೆರವಿನಿಂದ ಬೇರುಬಿಟ್ಟು, ಹಾಸ್ಟೆಲುಗಳ ಊಟದ ಮನೆಗಳಿಗೆ ತರಕಾರಿ ಬೆಳೆದುಕೊಟ್ಟಿತು. ಮಳೆ ಬಂದಾಗಲೆಲ್ಲ ನೀರು ನಿಲ್ಲುತ್ತಿದ್ದ ಜಾಗವೊಂದು ದೊಡ್ಡ ಓಕ್ ಮರದ ಸುತ್ತಲಿನ ಮಳೆತೋಟವಾಯಿತು. ಅಮೆರಿಕ ದೇಶದ ಮಧ್ಯಭಾಗದ ಹುಲ್ಲುಗಾವಲಿನ ಸಸ್ಯಗಳು ಅಲ್ಲಿ ನೀರನ್ನೂ ಹಿಡಿಯುತ್ತವೆ, ದುಂಬಿ ಚಿಟ್ಟೆಗಳನ್ನೂ ಕರೆಯುತ್ತವೆ. ಕ್ಯಾಂಪಸ್ ಸೈಕಲ್ ಕೇಂದ್ರ, ಕಟ್ಟಡಗಳ ವಿದ್ಯುತ್ ಉಳಿತಾಯದ ದುರಸ್ತಿಗಳು, ಭೂಗರ್ಭದ ಸ್ಥಿರ ತಾಪವನ್ನು ಬಳಸಿ ಕಟ್ಟಡವನ್ನು ಬೆಚ್ಚಗೂ ತಂಪಾಗಿಯೂ ಇಡುವ ವ್ಯವಸ್ಥೆ ಇವಕ್ಕೂ ನಿಧಿಯ ಪಾಲು ಸಂದಿದೆ.

ಅಪಲಾಚಿಯನ್ ಸ್ಟೇಟ್ ವಿಶ್ವವಿದ್ಯಾಲಯ

ನಾರ್ತ್ ಕ್ಯಾರೊಲಿನಾದ ಬೆಟ್ಟದೂರು ಬೂನ್‌ನಲ್ಲಿರುವ ಈ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2004ರಲ್ಲಿ ಸೆಮಿಸ್ಟರಿಗೆ 5 ಡಾಲರ್ ಶುಲ್ಕವನ್ನು ಒಪ್ಪಿಕೊಂಡು ನವೀಕರಿಸಬಹುದಾದ ಶಕ್ತಿಯ ಸಮಿತಿಯನ್ನು ಕಟ್ಟಿದರು. ಬೆಟ್ಟದ ನೆತ್ತಿಯ ಗಾಳಿಯನ್ನು ಬಳಸಿಕೊಳ್ಳಲು 2009ರಲ್ಲಿ 100 ಕಿಲೋವ್ಯಾಟ್ ಸಾಮರ್ಥ್ಯದ ಗಾಳಿಯಂತ್ರವೊಂದನ್ನು ನಿಲ್ಲಿಸಿದರು. ಆಗ ಅದು ಆ ರಾಜ್ಯದ ಅತಿ ದೊಡ್ಡ ಗಾಳಿಯಂತ್ರ. ಊರಿನವರಿಗೆಲ್ಲ ಕಾಣುವಂತೆ ನಿಂತ ಈ ಯಂತ್ರ ಶಕ್ತಿ ತಂತ್ರಜ್ಞಾನ ಓದುವವರಿಗೆ ತೆರೆದ ಪ್ರಯೋಗಾಲಯವಾಯಿತು. ವಿದ್ಯಾರ್ಥಿ ಭವನದ ಸೌರ ಬಿಸಿನೀರಿನ ವ್ಯವಸ್ಥೆ, ಇತರ ಕಟ್ಟಡಗಳ ಸೌರ ಫಲಕಗಳು ಈ ಸಮಿತಿಯ ಮತ್ತಿತರ ಕೆಲಸಗಳು.

ಮೆಕ್‌ಗಿಲ್ ವಿಶ್ವವಿದ್ಯಾಲಯ

ಕೆನಡದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ 2009ರ ಜನಮತದ ಫಲವಾಗಿ ಸುಸ್ಥಿರತಾ ಯೋಜನೆಗಳ ನಿಧಿ ಹುಟ್ಟಿತು. ವಿದ್ಯಾರ್ಥಿಗಳು ಕ್ರೆಡಿಟ್ಟಿಗೆ 50 ಸೆಂಟಿನಂತೆ ಕೊಡಲು ಒಪ್ಪಿದರು. ಅವರು ಕೊಟ್ಟ ಪ್ರತಿ ಡಾಲರಿಗೆ ವಿಶ್ವವಿದ್ಯಾಲಯವೂ ಒಂದು ಡಾಲರ್ ಸೇರಿಸಬೇಕೆಂಬುದು ಒಡಂಬಡಿಕೆ. ಹಂಚಿಕೆಯ ಮಂಡಳಿಯಲ್ಲಿ ವಿದ್ಯಾರ್ಥಿಗಳೂ ನೌಕರ-ಅಧ್ಯಾಪಕರೂ ಸಮಬಲದಲ್ಲಿ ಕೂತು, ಮತ ಎಣಿಸುವ ಬದಲು ಒಮ್ಮತಕ್ಕೆ ಬರುವವರೆಗೆ ಚರ್ಚಿಸುತ್ತಾರೆ. ಅಮೆರಿಕದ ನಿಧಿಗಳಲ್ಲಿ ವಿದ್ಯಾರ್ಥಿಗಳ ಬಹುಮತ ಮುಖ್ಯವಾದರೆ, ಇಲ್ಲಿ ವಿದ್ಯಾರ್ಥಿ ಮತ್ತು ಸಂಸ್ಥೆಯ ಸಮಪಾಲುದಾರಿಕೆ ಮುಖ್ಯ.

ಈ ನಿಧಿಯ ಫಲ ಎದ್ದು ಕಾಣುವುದು ಆಹಾರದಲ್ಲಿ. ಮೆಕ್‌ಗಿಲ್‌ಗೆ ನಗರದ ಹೊರಗೆ ಮ್ಯಾಕ್‌ಡೊನಾಲ್ಡ್ ಕ್ಯಾಂಪಸ್ ಎಂಬ ಕೃಷಿ ಶಿಕ್ಷಣದ ನೆಲೆಯಿದೆ. ಅಲ್ಲಿನ ತೋಟಗಾರಿಕೆಯ ಬೆಳೆಯನ್ನು ನಗರದ ಕ್ಯಾಂಪಸ್ಸಿನ ಊಟದ ಮನೆಗಳಿಗೆ ಮುಟ್ಟಿಸುವ ವ್ಯವಸ್ಥೆಗೂ, ವಿದ್ಯಾರ್ಥಿಗಳೇ ನಡೆಸುವ ಸಾವಯವ ತೋಟಗಳಿಗೂ ನಿಧಿ ಆಧಾರವಾಯಿತು. ಒಂದೇ ವಿಶ್ವವಿದ್ಯಾಲಯದ ಹೊಲವೂ ಊಟದ ತಟ್ಟೆಯೂ ದೂರದೂರ ಇದ್ದವು. ಅವನ್ನು ಜೋಡಿಸಲು ಬೇಕಾಗಿದ್ದದ್ದು ಆರಂಭದ ಸ್ವಲ್ಪ ಹಣ ಮತ್ತು ಬೆಳೆಯುವವರನ್ನೂ ಊಟ ಒದಗಿಸುವವರನ್ನೂ ಒಂದೇ ಮೇಜಿನ ಮುಂದೆ ಕೂರಿಸುವ ವೇದಿಕೆ.

ಆವರ್ತ ನಿಧಿ

ಅನುದಾನವಾಗಿ ಕೊಟ್ಟ ಹಣ ಒಮ್ಮೆ ಖರ್ಚಾದರೆ ಮುಗಿಯಿತು. ಇದಕ್ಕೆ ಪರಿಹಾರವಾಗಿ ಆವರ್ತ ನಿಧಿಗಳು ಬಂದವು. ವಿದ್ಯುತ್ ಉಳಿತಾಯದ ಕೆಲಸಕ್ಕೆ ನಿಧಿಯಿಂದ ಸಾಲ ಕೊಟ್ಟು, ಬಿಲ್ಲಿನಲ್ಲಿ ಉಳಿದ ಹಣದಿಂದಲೇ ಅದನ್ನು ತೀರಿಸಿಕೊಂಡು, ಬಂದ ಹಣವನ್ನು ಮತ್ತೊಂದು ಕೆಲಸಕ್ಕೆ ತೊಡಗಿಸುವುದು ಇದರ ಕ್ರಮ. ಮಿನೆಸೋಟಾದ ಮೆಕಾಲೆಸ್ಟರ್ ಕಾಲೇಜಿನ ವಿದ್ಯಾರ್ಥಿಗಳು 2006ರಲ್ಲಿ ಇಂಥದೊಂದು ನಿಧಿಯನ್ನು ಆರಂಭಿಸಿದರು. 2011ರಲ್ಲಿ ಆರಂಭವಾದ 'ಬಿಲಿಯನ್ ಡಾಲರ್ ಗ್ರೀನ್ ಚಾಲೆಂಜ್' ಎಂಬ ಅಭಿಯಾನ ಕಾಲೇಜುಗಳೆಲ್ಲ ಸೇರಿ 100 ಕೋಟಿ ಡಾಲರನ್ನು ಇಂಥ ನಿಧಿಗಳಲ್ಲಿ ಹೂಡಬೇಕೆಂದು ಕರೆಕೊಟ್ಟಿತು. ಇಲಿನಾಯ್‌ನಲ್ಲಿ ವಿದ್ಯಾರ್ಥಿ ಸಮಿತಿಯ ಹಣವೂ ಸೇರಿ ಆವರ್ತ ನಿಧಿ ರೂಪುಗೊಂಡಿತು. ಲೆಕ್ಕ ಹಾಕಲು ಬರುವ ಉಳಿತಾಯಕ್ಕೆ ಸಾಲ; ತೋಟ, ಶಿಕ್ಷಣ, ಜೀವವೈವಿಧ್ಯಗಳಂಥ ಲೆಕ್ಕಕ್ಕೆ ಸಿಗದ ಒಳಿತಿಗೆ ಅನುದಾನ ಎಂಬ ಹಂಚಿಕೆ ಅನುಭವದಿಂದ ಮೂಡಿದ ಸೂತ್ರ.

ಟೀಕೆಗಳು

ಕಟ್ಟಡದ ದೀಪ ಬದಲಾಯಿಸುವುದು, ಕಸ ವಿಂಗಡಿಸುವುದು ಸಂಸ್ಥೆಯ ಸ್ವಂತ ಕರ್ತವ್ಯ. ಅದನ್ನು ವಿದ್ಯಾರ್ಥಿಗಳ ತಲೆಯ ಮೇಲೆ ಹಾಕುವುದು ಸರಿಯಲ್ಲವೆಂಬುದು ಮುಖ್ಯ ಆಕ್ಷೇಪ. ವಿದ್ಯಾರ್ಥಿಗಳ ಹಣದಿಂದ ಉಳಿದ ವಿದ್ಯುತ್ ವೆಚ್ಚದ ಲಾಭ ವಿಶ್ವವಿದ್ಯಾಲಯಕ್ಕೆ ಸೇರುವಲ್ಲಿ ಈ ಆಕ್ಷೇಪಕ್ಕೆ ತೂಕ ಹೆಚ್ಚು. ಸಂಸ್ಥೆಯೂ ಸಮಪಾಲು ಹಾಕುವ ಮೆಕ್‌ಗಿಲ್ ಕ್ರಮ ಮತ್ತು ಉಳಿತಾಯ ನಿಧಿಗೇ ಮರಳುವ ಆವರ್ತ ಕ್ರಮ ಇದಕ್ಕೆ ಸಿಕ್ಕಿರುವ ಸಮರ್ಥ ಉತ್ತರಗಳು.

ಬೋಧನಾ ಶುಲ್ಕ ಏರುತ್ತಲೇ ಇರುವ ಕಾಲದಲ್ಲಿ ಸಮಾನ ಶುಲ್ಕ ಬಡವರಿಗೆ ಹೆಚ್ಚು ನಾಟುತ್ತದೆಂಬುದು ಇನ್ನೊಂದು ಮಾತು. ಜನಮತಗಳಲ್ಲಿ ಮತ ಹಾಕುವವರ ಪ್ರಮಾಣ ಕಡಿಮೆ ಇದ್ದಾಗ, ಕೆಲವರ ಉತ್ಸಾಹಕ್ಕೆ ಎಲ್ಲರೂ ತೆರಬೇಕಾಗುತ್ತದೆ. ಇಂದಿನವರು ಹಾಕಿದ ಮತ ನಾಳೆ ಬರುವವರನ್ನು ಕಟ್ಟಿಹಾಕಬಾರದೆಂಬ ಕಾರಣಕ್ಕೆ ಶುಲ್ಕಕ್ಕೆ ಅವಧಿ ಗೊತ್ತುಮಾಡಿ, ಮತ್ತೆ ಮತ್ತೆ ಜನಮತಕ್ಕೆ ಒಡ್ಡುವ ಪದ್ಧತಿ ಬೆಳೆದಿದೆ. ಈ ಮರುಮತದಾನ ನಿಧಿಗಳಿಗೆ ಒಳ್ಳೆಯದನ್ನೇ ಮಾಡಿದೆ: ಕೆಲಸ ತೋರಿಸದೆ ಮತ ಸಿಗುವುದಿಲ್ಲ. ದೂರದ ಪ್ರಮಾಣಪತ್ರಗಳ ಖರೀದಿಯಿಂದ ಹೊಸದಾಗಿ ಎಷ್ಟು ಹಸಿರು ವಿದ್ಯುತ್ತು ಹುಟ್ಟಿತೆಂಬ ಪ್ರಶ್ನೆಯೂ ಕ್ಯಾಂಪಸ್ಸಿನೊಳಗಿನ ಯೋಜನೆಗಳತ್ತ ಹಣ ಹೊರಳುವುದಕ್ಕೆ ಕಾರಣವಾಯಿತು.

ಬ್ರಿಟನ್ ಮತ್ತು ಭಾರತ

ಬ್ರಿಟನ್ನಿನಲ್ಲಿ ಹಣದ ಮೂಲ ಬೇರೆಯಾಗಿತ್ತು. ಇಂಗ್ಲೆಂಡಿನ ಆಗಿನ ಉನ್ನತ ಶಿಕ್ಷಣ ಅನುದಾನ ಮಂಡಳಿ 2013ರಲ್ಲಿ 50 ಲಕ್ಷ ಪೌಂಡನ್ನು ಕೊಟ್ಟು, ರಾಷ್ಟ್ರೀಯ ವಿದ್ಯಾರ್ಥಿ ಒಕ್ಕೂಟದ ಮೂಲಕ 25 ವಿದ್ಯಾರ್ಥಿ ಸಂಘಗಳ ಪರಿಸರ ಯೋಜನೆಗಳನ್ನು ನಡೆಸಿತು. ಹಣ ಸರ್ಕಾರದ್ದು, ನಡೆಸುವ ಹೊಣೆ ವಿದ್ಯಾರ್ಥಿಗಳದ್ದು.

ಭಾರತದಲ್ಲಿ ಶುಲ್ಕವನ್ನು ಗೊತ್ತುಮಾಡುವವರು ಸರ್ಕಾರ ಮತ್ತು ವಿಶ್ವವಿದ್ಯಾಲಯ. ವಿದ್ಯಾರ್ಥಿಗಳ ಜನಮತದಿಂದ ಶುಲ್ಕ ವಿಧಿಸುವ ರೂಢಿ ಇಲ್ಲ. ಇಲ್ಲಿ ವಿದ್ಯಾರ್ಥಿಗಳ ಕೊಡುಗೆ ದುಡ್ಡಿಗಿಂತ ದುಡಿಮೆಯ ರೂಪದಲ್ಲಿ ಹರಿದಿದೆ. 1969ರಲ್ಲಿ, ಗಾಂಧಿ ಜನ್ಮಶತಾಬ್ದಿಯ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಪ್ರತಿ ಸ್ವಯಂಸೇವಕ ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸುತ್ತಾನೆ. ಕರ್ನಾಟಕದ ಕಾಲೇಜುಗಳಲ್ಲಿ ಗಿಡ ನೆಡುವುದು, ಕೆರೆ ಹೂಳೆತ್ತುವುದು, ಆವರಣ ಸ್ವಚ್ಛ ಮಾಡುವುದು ಎನ್‌ಎಸ್‌ಎಸ್ ಶಿಬಿರಗಳ ಪರಿಚಿತ ಶ್ರಮದಾನ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಮಂಡಳಿ, ಅಂದರೆ ನ್ಯಾಕ್, ಕಾಲೇಜುಗಳಿಗೆ ಶ್ರೇಣಿ ಕೊಡುವಾಗ ಮಳೆನೀರು ಸಂಗ್ರಹ, ಪರ್ಯಾಯ ಶಕ್ತಿ, ಕಸ ನಿರ್ವಹಣೆ, ಹಸಿರು ಲೆಕ್ಕಪರಿಶೋಧನೆಗಳನ್ನೂ ಪರಿಗಣಿಸುತ್ತ ಬಂದಿದೆ. ಇದರಿಂದ ಆಡಳಿತಗಳಲ್ಲಿ ಪರಿಸರದ ಎಚ್ಚರ ಹೆಚ್ಚಿದೆ; ತೀರ್ಮಾನ ಮಾತ್ರ ಆಡಳಿತದ ಕೈಯಲ್ಲಿಯೇ ಉಳಿದಿದೆ. ಕರ್ನಾಟಕದಲ್ಲಿ 1980ರ ದಶಕದ ಕೊನೆಯಲ್ಲಿ ವಿದ್ಯಾರ್ಥಿ ಸಂಘಗಳ ನೇರ ಚುನಾವಣೆಗಳು ನಿಂತವು. ಮತ ಹಾಕುವ ವೇದಿಕೆಯೇ ಇಲ್ಲದ ಕಡೆ ಮತದಿಂದ ಹುಟ್ಟುವ ನಿಧಿಗೆ ಜಾಗವಿಲ್ಲ. ಉನ್ನತ ವ್ಯಾಸಂಗಕ್ಕೆಂದು ಇಲಿನಾಯ್, ಟೆಕ್ಸಸ್, ಕ್ಯಾಲಿಫೋರ್ನಿಯಗಳಿಗೆ ಹೋಗುವ ಕನ್ನಡಿಗ ವಿದ್ಯಾರ್ಥಿಗಳು ಇಂಥ ವ್ಯವಸ್ಥೆಯನ್ನು ಶುಲ್ಕದ ರಸೀತಿಯಲ್ಲಿ ಕಾಣುತ್ತಾರೆ.

ಮಹತ್ವ

ದೊಡ್ಡ ವಿಶ್ವವಿದ್ಯಾಲಯವೊಂದರ ಇಂಗಾಲ ಹೊರಸೂಸುವಿಕೆಯನ್ನು ವಿದ್ಯಾರ್ಥಿಗಳ ಶುಲ್ಕವೊಂದರಿಂದಲೇ ತಡೆಯಲಾಗದು. ಶಾಖ ಸ್ಥಾವರ, ಹೊಸ ಕಟ್ಟಡ, ಸಂಶೋಧನಾಲಯಗಳ ಖರ್ಚು ಅದರ ನೂರಾರು ಪಟ್ಟು. ಹಸಿರು ನಿಧಿಯ ಬೆಲೆ ಇರುವುದು ಆಡಳಿತಕ್ಕೆ ಧೈರ್ಯ ಸಾಲದ ಮೊದಲ ಪ್ರಯೋಗಕ್ಕೆ ಬಂಡವಾಳವಾಗುವುದರಲ್ಲಿ. ಒಂದು ಸೌರ ಕ್ಷೇತ್ರ, ಒಂದು ತೋಟ, ಒಂದು ಸೈಕಲ್ ಕಾರ್ಯಾಗಾರ ಯಶಸ್ವಿಯಾದ ಮೇಲೆ ಎರಡನೆಯದಕ್ಕೆ ಸಂಸ್ಥೆಯೇ ಹಣ ತರುತ್ತದೆ. ಅರ್ಜಿಗಳ ಖರ್ಚುವೆಚ್ಚ ತೂಗುವ, ಎಂಜಿನಿಯರನೊಂದಿಗೆ ವಾದಿಸುವ, ಸಹಪಾಠಿಗಳಿಗೆ ಲೆಕ್ಕ ಒಪ್ಪಿಸುವ ಇಪ್ಪತ್ತರ ವಯಸ್ಸಿನವರಿಗೆ ಸಾರ್ವಜನಿಕ ಹಣವನ್ನು ಹೊಣೆಯಿಂದ ನಡೆಸುವ ಶಿಕ್ಷಣ ಯಾವ ಪಠ್ಯಕ್ಕಿಂತಲೂ ಚೆನ್ನಾಗಿ ಇಲ್ಲಿ ಸಿಗುತ್ತದೆ. ಜನಮತದಲ್ಲಿ ಗೆಲುವು, ಸಂಸ್ಥೆಯ ಸಮಪಾಲು, ನಿರ್ವಹಣೆಯ ಲಿಖಿತ ಹೊಣೆ, ಬಡವರಿಗೆ ರಿಯಾಯಿತಿ, ನಿಗದಿತ ಅವಧಿಗೊಮ್ಮೆ ಮರುಮತದಾನ ಈ ಐದೂ ಕೂಡಿದಲ್ಲಿ ನಿಧಿ ತಲೆಮಾರುಗಳನ್ನು ದಾಟಿ ಬಾಳುತ್ತದೆ. ಕರ್ನಾಟಕದ ವಿಶ್ವವಿದ್ಯಾಲಯಗಳು ಇಂಥ ನಿಧಿಯನ್ನು ಕಟ್ಟಬಯಸಿದರೆ ಶುಲ್ಕಕ್ಕಿಂತ ಮೊದಲು ವಿದ್ಯಾರ್ಥಿಗಳಿಗೆ ತೀರ್ಮಾನದ ಹಕ್ಕನ್ನು ಕೊಡಬೇಕಾಗುತ್ತದೆ. ಶ್ರಮದಾನದ ದೀರ್ಘ ಪರಂಪರೆ ಇರುವ ನೆಲದಲ್ಲಿ ಆ ಹಕ್ಕು ಬಂಜೆಯಾಗದು.